ನೀನು ಇಲ್ಲದಾಗ ಇದನ್ನು ಯಾರು ನೋಡುವುದು?

ಅಮ್ಮ ಇದನ್ನು ದೂರು ಎಂದು ಹೇಳಿದ್ದಲ್ಲ. ಈ ಸಲ ತೆಂಗಿನಕಾಯಿ ಕೊಯ್ಯಲು ಯಾರಿಗೆ ಹೇಳುವುದು, ಮಾಡಿನ ಹಂಚು ಸರಿಮಾಡಲು ಯಾರು ಸಿಗುತ್ತಾರೆ ಎಂದು ವಿಚಾರಿಸುವ ಅದೇ ಧ್ವನಿಯಲ್ಲಿ, ಫೋನಿನ ಆ ಕಡೆಯಿಂದ, “ಅಲ್ಲ ಮಾರಾಯ, ನೀನು ಇಲ್ಲದಾಗ ಇದನ್ನು ಯಾರು ನೋಡುವುದು?” ಎಂದು ಕೇಳಿದರು. ನಾನು ಆಗ ಬೆಂಗಳೂರಿನಲ್ಲಿದ್ದೆ. ಹೇಳಲು ಉತ್ತರವಿರಲಿಲ್ಲವಾದ್ದರಿಂದ, ಭಾನುವಾರ ಊರಿಗೆ ಬರುತ್ತೇನೆ, ಅಲ್ಲಿಯವರೆಗೆ ಅದು ಹಾಗೆಯೇ ಇರಲಿ ಎಂದು ಫೋನ್ ಇಟ್ಟೆ. ಆ ಮಾತಿಗೆ ಈಗ ಕೆಲವು ತಿಂಗಳು ಸಂದಿವೆ. ಕೆಟ್ಟಿದ್ದು ಆ ಭಾನುವಾರವೇ ಸರಿಯಾಯಿತು. ಪ್ರಶ್ನೆ ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಡಿಕೆ ಚೂರಿನಂತೆ ಉಳಿದುಬಿಟ್ಟಿತು.

‘ಇದು’ ಎಂದು ಅಮ್ಮ ಹೇಳಿದ್ದು ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ, ಗೋಡೆ ಕಪಾಟಿನ ಮೇಲಿನ ಅಂಕಣದಲ್ಲಿ, ರೂಟರಿನ ಪಕ್ಕ ಕೂತಿರುವ ಒಂದು ಕಪ್ಪು ಪೆಟ್ಟಿಗೆಯನ್ನು. ಉದ್ದ, ಅಗಲ ಸುಮಾರು 18 ಸೆಂಟಿಮೀಟರ್, ದಪ್ಪ ಮೂರೂವರೆ. ಅದಕ್ಕೆ ಪರದೆಯಿಲ್ಲ, ಕೀಬೋರ್ಡ್ ಇಲ್ಲ, ಮೌಸ್ ಇಲ್ಲ. ಹಗಲೂ ರಾತ್ರಿ ಚಾಲೂ ಇರುತ್ತದೆ. ಅಪ್ಪ ಕ್ಯಾಸೆಟ್ಟಿಗೆ ತುಂಬಿಸಿಟ್ಟಿದ್ದ ತಾಳಮದ್ದಳೆಗಳು (ವೇಷವಿಲ್ಲದೆ, ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ಪ್ರಸಂಗಗಳು), ಅಮ್ಮನ ಮತ್ತು ಮುಂಬಯಿಯಲ್ಲಿರುವ ಅಕ್ಕನ ಫೋನಿನ ಫೋಟೋಗಳು, ಮನೆಯ ಕಾಗದಪತ್ರಗಳ ಪ್ರತಿಗಳು ಎಲ್ಲವೂ ಅದರೊಳಗಿವೆ. ದೇವರಿಗೆ ದೀಪ ಹಚ್ಚಿದ ಮೇಲೆ ಅಮ್ಮ ಟೀವಿ ಹಾಕಿ, ಪಟ್ಟಿಯಿಂದ ಒಂದು ಪ್ರಸಂಗವನ್ನು ಆರಿಸಿ, ತರಕಾರಿ ಹೆಚ್ಚುತ್ತಲೋ ಹೂ ಕಟ್ಟುತ್ತಲೋ ಕೇಳುತ್ತಾರೆ. ನಾನು ಕಂಪ್ಯೂಟರ್ ಓದಿದವನಲ್ಲ, ಲೆಕ್ಕಪತ್ರದ ಕೆಲಸದವನು. ಕೆಲವರಿಗೆ ಗಾಳ ಹಾಕುವ ಹುಚ್ಚಿರುವಂತೆ ನನಗೆ ಸಣ್ಣ ಕಂಪ್ಯೂಟರುಗಳ ಹುಚ್ಚು. ಗಾಳ ಹಾಕುವವರಂತೆಯೇ ನಾನೂ ಅದರಲ್ಲಿ ಕಳೆದ ಸಮಯದ ಲೆಕ್ಕವನ್ನು ಮನೆಯಲ್ಲಿ ಪೂರ್ತಿಯಾಗಿ ಹೇಳಿದವನಲ್ಲ.

ಪೆಟ್ಟಿಗೆ ಬಂದ ಬಗೆ

ಮೊದಲು ಆ ಜಾಗದಲ್ಲಿದ್ದದ್ದು ರಾಸ್ಪ್‌ಬೆರಿ ಪೈ. ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನು ಕಲಿಯಲಿ ಎಂಬ ಉದ್ದೇಶದಿಂದ ಕೇಂಬ್ರಿಜ್‌ನವರು 2012ರ ಫೆಬ್ರವರಿ 29ರಂದು, 35 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಿಟ್ಟ, ಒಂದೇ ಬೋರ್ಡಿನ ಕಂಪ್ಯೂಟರ್ ಅದು. ನನ್ನ ಕೈಗೆ ಸಿಕ್ಕಿದ್ದು 2016ರಲ್ಲಿ ಬಂದ ಮೂರನೆಯ ಮಾದರಿ. ಎಟಿಎಂ ಕಾರ್ಡಿನಷ್ಟೇ ಇರುವ ಆ ಬೋರ್ಡು ಫೋನಿನ ಚಾರ್ಜರಿನಲ್ಲಿ ಓಡಿ, ವಿಂಡೋಸಿನಂತೆ ಕಂಪ್ಯೂಟರನ್ನು ನಡೆಸುವ ಲಿನಕ್ಸನ್ನು ಪೂರ್ಣ ಪ್ರಮಾಣದಲ್ಲಿ ಪರದೆಯ ಮೇಲೆ ತಂದು ನಿಲ್ಲಿಸಿದ ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತೊಂದು ಆಗಾಗ ಕಾಣಿಸಿಕೊಳ್ಳುತ್ತಿತ್ತು. ಚಾರ್ಜರಿನಿಂದ ಸಾಕಷ್ಟು ವೋಲ್ಟೇಜ್ ಬರುತ್ತಿಲ್ಲ ಎಂದು ಅದರ ಅರ್ಥ ಎಂಬುದು ಎಷ್ಟೋ ದಿನಗಳ ಮೇಲೆ ತಿಳಿಯಿತು.

ಪೈಯ ಕಷ್ಟವೆಲ್ಲ ಇದ್ದದ್ದು ಅದರ ಎಸ್‌ಡಿ ಕಾರ್ಡಿನಲ್ಲಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದೂ ಬರುವುದೂ ದಿನಕ್ಕೆ ಎಷ್ಟು ಸಲ ಎಂದು ಯಾರೂ ಎಣಿಸುವುದಿಲ್ಲ. ಕಾರ್ಡಿನ ಮೇಲೆ ಏನನ್ನಾದರೂ ಬರೆಯುತ್ತಿರುವ ಹೊತ್ತಿಗೇ ಕರೆಂಟು ಹೋದರೆ ಬರೆದದ್ದು ಅರ್ಧಕ್ಕೆ ನಿಲ್ಲುತ್ತದೆ. ಇಂಥ ಕಾರ್ಡುಗಳ ಫ್ಲ್ಯಾಶ್ ಮೆಮೊರಿಯಲ್ಲಿ ಒಂದಕ್ಷರ ತಿದ್ದಬೇಕಿದ್ದರೂ ಒಂದಿಡೀ ಬ್ಲಾಕನ್ನು ಅಳಿಸಿ ಬೇರೆಡೆ ಬರೆಯುವ ಕ್ರಮವಿರುವುದರಿಂದ, ಆ ಅರ್ಧ ಕೆಲಸ ತನಗೆ ಸಂಬಂಧವೇ ಇಲ್ಲದ ಕಡತವನ್ನೂ ಜೊತೆಗೆ ಎಳೆದುಕೊಂಡು ಹೋಗಬಹುದು. ಎರಡು ಮಳೆಗಾಲಗಳಲ್ಲಿ ಮೂರು ಕಾರ್ಡು ಹೋದವು. ಮೂರನೆಯದು ಹೋದ ದಿನ ಪೈಯನ್ನು ಕಪಾಟಿನಿಂದ ಇಳಿಸಿದೆ. ಅದು ಈಗ ತೋಟದ ಪಂಪಿನ ಕೊಟ್ಟಿಗೆಯಲ್ಲಿ ನೀರಿನ ಟ್ಯಾಂಕಿಯ ಮಟ್ಟವನ್ನು ಅಳೆಯುತ್ತಾ ನೆಮ್ಮದಿಯಾಗಿದೆ.

ಅದರ ಜಾಗಕ್ಕೆ ಬಂದ ಈ ಕಪ್ಪು ಪೆಟ್ಟಿಗೆ ಹೊಸದಲ್ಲ. ದೊಡ್ಡ ಕಚೇರಿಗಳಲ್ಲಿ ಮಾನಿಟರಿನ ಬೆನ್ನಿಗೆ ಅಂಟಿಸಿಡುವ, ಒಳಗಿನ ಜಾಗವೆಲ್ಲ ಸೇರಿ ಒಂದು ಲೀಟರಿನ ಆಸುಪಾಸಿಗೆ ಬರುವ ಗಣಕಗಳಿರುತ್ತವೆ. ಕೆಲವು ವರ್ಷ ದುಡಿದ ಮೇಲೆ ಅವನ್ನು ಒಟ್ಟಾಗಿ ಮಾರಿಬಿಡುತ್ತಾರೆ. ಮಂಗಳೂರಿನ ಹಂಪನಕಟ್ಟೆಯ ಹತ್ತಿರದ ಒಂದು ಅಂಗಡಿಯಲ್ಲಿ ಅಂಥವು ಇಡ್ಲಿಯ ತಟ್ಟೆಗಳ ಹಾಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದವು. ಇಂಟೆಲ್‌ನ ಆರನೆಯ ತಲೆಮಾರಿನ, ನಾಲ್ಕು ಕೋರಿನ, 35 ವ್ಯಾಟ್ ಮಿತಿಯ ಪ್ರೊಸೆಸರ್, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಎಂಟೂವರೆ ಸಾವಿರ ಹೇಳಿ ಎಂಟಕ್ಕೆ ಇಳಿದರು. “ಇದಕ್ಕೆ ವಿಂಡೋಸ್ ಹನ್ನೊಂದು ಹೋಗುವುದಿಲ್ಲ ಸರ್, ಆಮೇಲೆ ಬಂದು ನನ್ನ ಹತ್ತಿರ ಹೇಳಬಾರದು” ಎಂದು ಅಂಗಡಿಯವರು ಪ್ರಾಮಾಣಿಕವಾಗಿ ಎಚ್ಚರಿಸಿದರು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಯಾಗುವುದೆಂದು ಮೊದಲೇ ಗೊತ್ತಾಗಿತ್ತು. ಅದರ ಮುಂದಿನದು ಈ ತಲೆಮಾರಿನ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಯಾವ ಭಾಗವೂ ಸವೆಯದ, ಫ್ಯಾನಿನ ಸದ್ದೂ ಬದಲಾಗದ ಯಂತ್ರವೊಂದು ಕೇವಲ ಒಂದು ಪಟ್ಟಿಯಲ್ಲಿ ಹೆಸರಿಲ್ಲದ ಕಾರಣಕ್ಕೆ ಮುದಿಯಾಗಿಬಿಡುತ್ತದೆ. ನನ್ನಂಥ ಗಿರಾಕಿಗಳಿಗೆ ಅದರಿಂದ ಲಾಭವೇ ಆಯಿತು ಎಂದು ಒಪ್ಪಿಕೊಳ್ಳಬೇಕು. ಉಡುಪಿಗೆ ಮರಳುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಪಕ್ಕದವರು ಸಿಹಿತಿಂಡಿಯ ಪೆಟ್ಟಿಗೆಯೆಂದುಕೊಂಡು, ಯಾರದು ಮದುವೆ ಎಂದು ವಿಚಾರಿಸಿದರು.

ಮನೆಗೆ ತಂದು, ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಪ್ಲಗ್ಗಿಗೆ ಸಿಕ್ಕಿಸುವ ಮೀಟರಿನಲ್ಲಿ ಅಳೆದು ನೋಡಿದೆ. ಸುಮ್ಮನಿದ್ದಾಗ ಹತ್ತು ವ್ಯಾಟಿನ ಆಚೀಚೆ. ದಿನವಿಡೀ, ತಿಂಗಳಿಡೀ ಓಡಿದರೆ 7.2 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯೆಂದು ಹಿಡಿದರೆ ತಿಂಗಳಿಗೆ ನಲವತ್ತಮೂರು ರೂಪಾಯಿ. ಲೆಕ್ಕಪತ್ರದವನಿಗೆ ಇಂಥ ಸಣ್ಣ ಮೊತ್ತಗಳಲ್ಲಿ ವಿಶೇಷವಾದ ಸುಖವಿದೆ. ಇದಕ್ಕೂ ಮೊದಲು ಅಪ್ಪನ ಕಾಲದ ದೊಡ್ಡ ಟವರ್ ಕಂಪ್ಯೂಟರ್ ಒಂದಿತ್ತು. ಅದರ ಎಸ್‌ಎಂಪಿಎಸ್, ಅಂದರೆ ಕರೆಂಟು ಒದಗಿಸುವ ಡಬ್ಬಿಯ ಒಳಗೆ ಬೆಚ್ಚಗಿರುತ್ತದೆಂದು ಹೊಕ್ಕ ಹಲ್ಲಿಯೊಂದು ತಾನೂ ಸತ್ತು ಅದನ್ನೂ ಸುಟ್ಟಿತ್ತು. ಮಲ್ಪೆ ಕಡೆಯ ಉಪ್ಪುಗಾಳಿಗೆ ಅದರ ಸ್ಕ್ರೂಗಳೆಲ್ಲ ತುಕ್ಕು ಹಿಡಿದು, ಬಿಚ್ಚಲು ತೆಂಗಿನೆಣ್ಣೆ ಬಿಡಬೇಕಾಗುತ್ತಿತ್ತು. ಸಣ್ಣ ಪೆಟ್ಟಿಗೆಯೊಳಗೆ ಹಲ್ಲಿಗೆ ಜಾಗವಿಲ್ಲ. ಕರಾವಳಿಯಲ್ಲಿ ಇದೊಂದು ಸಣ್ಣ ಅನುಕೂಲವಲ್ಲ.

ಕ್ಯಾಸೆಟ್ಟಿನೊಳಗಿನ ಮಳೆ

ಈ ಹುಚ್ಚಿನಿಂದ ಮನೆಗೆ ಒಂದು ಉಪಕಾರವಾಯಿತು ಎಂದು ನಾನು ಧೈರ್ಯದಿಂದ ಹೇಳಬಲ್ಲ ಸಂಗತಿಯೆಂದರೆ ಅಪ್ಪನ ಕ್ಯಾಸೆಟ್ಟುಗಳು. ಅಪ್ಪ ತೀರಿಕೊಂಡ ಮೇಲೆ ಅಟ್ಟದಲ್ಲಿ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದರಲ್ಲಿ ನಲವತ್ತಮೂರು ಸಿಕ್ಕಿದವು. ಮಳೆಗಾಲದಲ್ಲಿ ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದಾಗ ದೇವಸ್ಥಾನಗಳ ಚಂದ್ರಶಾಲೆಗಳಲ್ಲಿ, ಶಾಲೆಗಳ ಹಜಾರಗಳಲ್ಲಿ ತಾಳಮದ್ದಳೆಗಳು ನಡೆಯುತ್ತವಷ್ಟೆ. ಅಪ್ಪ ತಮ್ಮ ಟೇಪ್ ರೆಕಾರ್ಡರನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು, ಕೊಡೆ ಹಿಡಿದು, ಅಲ್ಲೆಲ್ಲ ಹೋಗಿ ಲೌಡ್‌ಸ್ಪೀಕರಿನ ಎದುರು ಕೂತು ತುಂಬಿಸಿಕೊಂಡು ಬರುತ್ತಿದ್ದರು. ಪ್ರತಿ ಕ್ಯಾಸೆಟ್ಟಿನ ಮೇಲೂ ಅವರದೇ ದುಂಡಕ್ಷರ: ‘ಶೇಣಿ – ವಾಲಿ – ಸೈಡ್ ಬಿ ಅರ್ಧ’, ಅಂದರೆ ಪಾತ್ರದ ಮಾತಾಡುವ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ. ಕೆಲವಕ್ಕೆ ತಾರೀಕು ಇದೆ, ಕೆಲವಕ್ಕೆ ‘ಜೋರು ಮಳೆ’ ಎಂದಷ್ಟೇ ಇದೆ.

ನಲವತ್ತು ಮಳೆಗಾಲಗಳ ತೇವ ಟೇಪನ್ನು ಏನು ಮಾಡುತ್ತದೆಂದು ನೋಡಿಯೇ ತಿಳಿಯಬೇಕು. ಸುರುಳಿಯ ಅಂಚಿನಲ್ಲಿ ಬಿಳಿಯ ಬೂಸಲು ಹಿಡಿದಿತ್ತು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯಬೇಕಾದ ಚಿಕ್ಕ ಬಟ್ಟೆಯ ತುಣುಕು ಎಷ್ಟರಲ್ಲೋ ಕಳಚಿ ಬಿದ್ದಿತ್ತು. ಹಳೆಯ ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಕೈಗೆ ಅಂಟಿತು. ಬೆಲ್ಟು ಬದಲಾಯಿಸಿ, ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು ಒರೆಸಿ, ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ‘ಶ’ ಮತ್ತು ‘ಸ’ಗಳ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗುವವರೆಗೆ ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸಿದೆ. ಅರ್ಥಧಾರಿಗಳ ಮಾತೆಂದ ಮೇಲೆ ಆ ಎರಡು ಅಕ್ಷರಗಳು ಬೇರೆಯಾಗಿ ಕೇಳಲೇಬೇಕು. ಅಷ್ಟಾದ ಮೇಲೂ ಹಿನ್ನೆಲೆಯಲ್ಲಿ ‘ಗುಂಯ್’ ಎಂಬ ನಾದವೊಂದು ಬಿಡದೆ ಬರುತ್ತಿತ್ತು. ಡೆಕ್ಕು ಒಂದು ಗೋಡೆಯ ಪ್ಲಗ್ಗಿನಲ್ಲಿ, ಕಂಪ್ಯೂಟರು ಇನ್ನೊಂದು ಗೋಡೆಯದರಲ್ಲಿ ಇದ್ದುದರಿಂದ ಎರಡರ ಅರ್ತಿಂಗ್ ನಡುವೆ ಸುತ್ತು ಏರ್ಪಟ್ಟು, ಮನೆಯ 50 ಹರ್ಟ್ಸ್ ಕರೆಂಟು ಆಡಿಯೋ ತಂತಿಯೊಳಗೆ ಹಾಡತೊಡಗಿತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ ಕೂಡಲೇ ಆ ಶ್ರುತಿ ನಿಂತಿತು. ಇದು ತಿಳಿಯಲು ನನಗೆ ಎರಡು ಶನಿವಾರ ಬೇಕಾಯಿತು.

ಧ್ವನಿಯನ್ನು ಹಿಡಿದಿಡಲು ಬಳಸಿದ್ದು ಅಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2000ದಲ್ಲಿ ಬಿಡುಗಡೆಯಾಗಿ, ಇಂದಿಗೂ ಬೆಳೆಯುತ್ತಿರುವ ತಂತ್ರಾಂಶ. ಅದರಲ್ಲಿ ಗದ್ದಲ ಕಡಿಮೆ ಮಾಡುವ ವಿಧಾನ ಸರಳವಾಗಿದೆ. ಬರೀ ಗದ್ದಲವೇ ಇರುವ ಕೆಲವು ಸೆಕೆಂಡುಗಳನ್ನು ಆರಿಸಿ, ಇದೇ ಗದ್ದಲ ಎಂದು ತೋರಿಸಿಕೊಡಬೇಕು. ಆಮೇಲೆ ಇಡೀ ಮುದ್ರಣದಲ್ಲಿ ಅಂಥದ್ದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ತಗ್ಗಿಸುತ್ತ ಹೋಗುತ್ತದೆ. ನಾನು ವಾಲಿಯ ಕ್ಯಾಸೆಟ್ಟಿನಲ್ಲಿ ಭಾಗವತರು ಪದ ಎತ್ತುವ ಮೊದಲಿನ ಐದು ಸೆಕೆಂಡುಗಳನ್ನು ಗುರುತಿಸಿ, ಅಳತೆಯನ್ನು 12 ಡೆಸಿಬೆಲ್‌ಗೆ ಇಟ್ಟು ಗುಂಡಿ ಒತ್ತಿದೆ. ಹಿನ್ನೆಲೆ ಗುಡಿಸಿ ಒರೆಸಿದಂತಾಯಿತು. ಹೆಮ್ಮೆಯಿಂದ ಜೋರಾಗಿ ಹಾಕಿದೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ಅಮ್ಮ ಸ್ವಲ್ಪ ಹೊತ್ತು ಕೇಳಿ, “ಅವತ್ತು ಮಳೆ ಇತ್ತಲ್ಲ, ನಾನೂ ಹೋಗಿದ್ದೆ. ಮಳೆ ಎಲ್ಲಿ ಹೋಯಿತು?” ಎಂದರು.

ಮತ್ತೆ ಕೇಳಿದೆ. ನಿಜ. ನಾನು ಗದ್ದಲವೆಂದು ತೋರಿಸಿಕೊಟ್ಟಿದ್ದು ತಗಡಿನ ಮಾಡಿನ ಮೇಲೆ ಬೀಳುತ್ತಿದ್ದ ಆಟಿ ತಿಂಗಳ ಮಳೆಯನ್ನು. ತಂತ್ರಾಂಶ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಮಳೆ ಹೋದಲ್ಲಿ ಮಾತಿನ ಅಂಚುಗಳೂ ಸವೆದು, ಅಷ್ಟು ದೊಡ್ಡ ಅರ್ಥಧಾರಿ ಬಚ್ಚಲಿನ ಹಂಡೆಯೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳುತ್ತಿತ್ತು. ಎಲ್ಲವನ್ನೂ ಹಿಂದಕ್ಕೆ ತಂದೆ. ಅಂದಿನಿಂದ ಪ್ರತಿ ಕ್ಯಾಸೆಟ್ಟಿಗೆ ಎರಡು ಪ್ರತಿ: ಒಂದನ್ನು ಯಾವ ಕೈಯನ್ನೂ ಆಡಿಸದೆ ಫ್ಲ್ಯಾಕ್ ರೂಪದಲ್ಲಿ ಇಡುವುದು, ಇನ್ನೊಂದನ್ನು ಹೆಚ್ಚೆಂದರೆ ಆರು ಡೆಸಿಬೆಲ್ ತಗ್ಗಿಸಿ ಕೇಳಲು ಇಡುವುದು. ಫ್ಲ್ಯಾಕ್‌ನಲ್ಲಿ ಗಾತ್ರ ಕಡಿಮೆಯಾದರೂ ಧ್ವನಿಯ ಒಂದು ಬಿಟ್ಟೂ ಕಳೆದುಹೋಗುವುದಿಲ್ಲ. ಮುಟ್ಟದ ಪ್ರತಿಗಳೆಲ್ಲ ಸೇರಿ ಸುಮಾರು 9 ಜಿಬಿ ಆಯಿತು, ಅಪ್ಪನ ಅಷ್ಟು ಮಳೆಗಾಲಗಳು ಬೆರಳಿನ ಉಗುರಿನಷ್ಟು ಕಾರ್ಡಿನಲ್ಲಿ ಹಿಡಿಸುತ್ತವೆ. ಸಮಯವನ್ನು ಮಾತ್ರ ಕುಗ್ಗಿಸಲಾಗದು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು. ಹಾಗೆ ಕೂತದ್ದರಿಂದಲೇ ಹದಿನೇಳನೆಯ ಕ್ಯಾಸೆಟ್ಟಿನ ಕೊನೆಯಲ್ಲಿ, ಟೇಪು ಮುಗಿಯುವ ಮುನ್ನ, ಅಪ್ಪ ಪಕ್ಕದವರಿಗೆ ಮೆಲ್ಲಗೆ “ಸೈಡ್ ಮುಗಿಯಿತು, ಸ್ವಲ್ಪ ಟಾರ್ಚ್ ಹಿಡೀರಿ” ಎಂದದ್ದು ನನ್ನ ಕಿವಿಗೆ ಬಿತ್ತು.

ಧರ್ಮಕ್ಕೆ ಸಿಕ್ಕಿದ್ದು

ಈ ಕೆಲಸಕ್ಕೆ ಬಳಸಿದ ತಂತ್ರಾಂಶಗಳಿಗೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ ಎಂದಾಗ ಪರಿಚಿತರೊಬ್ಬರು, “ಧರ್ಮಕ್ಕೆ ಸಿಕ್ಕಿದ್ದನ್ನು ಎಷ್ಟು ದಿನ ನಂಬುತ್ತೀರಿ? ಅವರು ನಾಳೆ ನಿಲ್ಲಿಸಿದರೆ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಇಂಗ್ಲಿಷಿನವರು ಫ್ರೀ ಎಂಬ ಒಂದೇ ಪದಕ್ಕೆ ಎರಡು ಅರ್ಥ ಹಚ್ಚಿಕೊಂಡು, ಅದನ್ನು ಬಿಡಿಸಿ ಹೇಳುವುದರಲ್ಲೇ ನಲವತ್ತು ವರ್ಷ ಕಳೆದಿದ್ದಾರೆ. ನಮಗೆ ಆ ತೊಡಕಿಲ್ಲ. ದುಡ್ಡಿಲ್ಲದೆ ಸಿಕ್ಕಿದ್ದು ಪುಕ್ಕಟೆ, ಕಟ್ಟುಪಾಡಿಲ್ಲದ್ದು ಸ್ವತಂತ್ರ. ಸ್ವತಂತ್ರ ತಂತ್ರಾಂಶದ ಚಳವಳಿಯನ್ನು ಆರಂಭಿಸಿದ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹೆಜ್ಜೆಯಾದ ಗ್ನೂ ಯೋಜನೆಯನ್ನು ಘೋಷಿಸಿದಾಗ ಮನಸ್ಸಿನಲ್ಲಿದ್ದದ್ದು ಎರಡನೆಯದು: ಬೇಕಾದಂತೆ ಬಳಸಲು, ಒಳಗೆ ಏನಿದೆ ಎಂದು ನೋಡಿ ತಿದ್ದಲು, ಇನ್ನೊಬ್ಬರಿಗೆ ಕೊಡಲು, ತಿದ್ದಿದ್ದನ್ನೂ ಹಂಚಲು ಇರುವ ಸ್ವಾತಂತ್ರ್ಯ. ಆದರೆ ಜನರು ಇದನ್ನು ಬಳಸುವುದು ಸ್ವತಂತ್ರವಾದದ್ದಕ್ಕಿಂತ ಪುಕ್ಕಟೆಯಾದದ್ದಕ್ಕೇ. ನಾನೂ ಮೊದಲು ಹಾಗೆಯೇ ಬಂದವನು. ಕಾಲೇಜಿನ ದಿನಗಳಲ್ಲಿ ವಿಎಲ್‌ಸಿ ಪ್ಲೇಯರ್ ಹಾಕಿಕೊಂಡಾಗ ಅದರ ಪರವಾನಗಿ ಯಾವುದೆಂದು ಯಾರು ನೋಡಿದ್ದರು?

ಪರಿಚಿತರ ಪ್ರಶ್ನೆಗೂ ಅಮ್ಮನ ಪ್ರಶ್ನೆಗೂ ಇರುವ ನಂಟು ನನಗೆ ಆಮೇಲೆ ಹೊಳೆಯಿತು. ನೋಡಿಕೊಳ್ಳುವವನು ಇಲ್ಲವಾದರೆ ಮುಂದೇನು ಎಂಬುದೇ ಎರಡರ ತಿರುಳು. ಸ್ವತಂತ್ರ ತಂತ್ರಾಂಶದವರು ಇದನ್ನು ಬಹಳ ಮೊದಲೇ ಯೋಚಿಸಿ, ಉತ್ತರವನ್ನು ಪರವಾನಗಿಯೊಳಗೇ ಬರೆದಿಟ್ಟಿದ್ದಾರೆ. ನನ್ನ ಪೆಟ್ಟಿಗೆಯಲ್ಲಿ ಓಡುವ ಡೆಬಿಯನ್ ಅನ್ನು 1993ರಲ್ಲಿ ಆರಂಭಿಸಿದವರು ಇಯಾನ್ ಮರ್ಡಾಕ್. ಗೆಳತಿ ಡೆಬ್ರಾಳ ಹೆಸರನ್ನೂ ತಮ್ಮದನ್ನೂ ಕೂಡಿಸಿ ಹೆಸರಿಟ್ಟರು. 1996ರಲ್ಲಿ ಮುಖ್ಯಸ್ಥನ ಸ್ಥಾನ ಬಿಟ್ಟುಕೊಟ್ಟರು, 2015ರ ಡಿಸೆಂಬರಿನಲ್ಲಿ ತೀರಿಕೊಂಡರು. ಡೆಬಿಯನ್‌ನ ಹದಿಮೂರನೆಯ ಆವೃತ್ತಿ 2025ರ ಆಗಸ್ಟಿನಲ್ಲಿ ಬಂತು. ಅಮ್ಮ ಟೀವಿಯಲ್ಲಿ ತಾಳಮದ್ದಳೆ ಕೇಳುವ ಜೆಲ್ಲಿಫಿನ್ ಹುಟ್ಟಿದ್ದೂ ಹೀಗೆಯೇ. ಎಂಬಿ ಎಂಬ ತಂತ್ರಾಂಶದವರು 2018ರಲ್ಲಿ ಇನ್ನು ಮೂಲ ಸಂಕೇತವನ್ನು (ಪ್ರೋಗ್ರಾಮಿನ ಒಳಗಿನ ಬರಹವನ್ನು) ತೆರೆದಿಡುವುದಿಲ್ಲ ಎಂದಾಗ, ಅದುವರೆಗೆ ತೆರೆದಿದ್ದನ್ನು ಎತ್ತಿಕೊಂಡು ಬೇರೆಯವರು ಕವಲು ಒಡೆದು ತಾವೇ ಮುಂದುವರಿಸಿದರು. ಫೋನಿನ ಫೋಟೋಗಳನ್ನು ಪೆಟ್ಟಿಗೆಗೆ ತಂದು ಹಾಕುವ ಸಿಂಕ್‌ಥಿಂಗ್‌ನ ಆಂಡ್ರಾಯ್ಡ್ ಆ್ಯಪನ್ನು ನೋಡಿಕೊಳ್ಳುತ್ತಿದ್ದವರು ಇನ್ನು ಸಾಕು ಎಂದು 2024ರ ಡಿಸೆಂಬರಿನಲ್ಲಿ ಕೈಬಿಟ್ಟಾಗ, ಅದರದೇ ಕವಲು ಒಂದು ಅಷ್ಟರಲ್ಲೇ ಬೇರೆಯವರ ಕೈಯಲ್ಲಿ ಬೆಳೆದಿತ್ತು. ನಾನು ಅಮ್ಮನ ಫೋನಿನಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದೆ. ಫೋಟೋ ಒಂದೂ ಹೋಗಲಿಲ್ಲ. ಇದರಲ್ಲಿ ಪವಾಡವೇನಿಲ್ಲ. ಯಾರೋ ಒಬ್ಬರು ತಮ್ಮ ಬಿಡುವಿನ ಹೊತ್ತನ್ನು ಕೊಟ್ಟರು ಎಂದಷ್ಟೇ. ಯಾರೂ ಕೊಡದಿದ್ದರೆ ಪರವಾನಗಿಯೊಂದೇ ಏನೂ ಮಾಡುತ್ತಿರಲಿಲ್ಲ.

ದೂರ ಯಾಕೆ ಹೋಗಬೇಕು, ನಾನು ಇದನ್ನು ಬೆರಳಚ್ಚಿಸುತ್ತಿರುವ ಕೀಲಿಮಣೆ ವಿನ್ಯಾಸ ನಮ್ಮ ಊರಿನವರದೇ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಪದ್ಮನಾಭ ರಾಯರು, ಅಂದರೆ ಎಲ್ಲರೂ ಕೆ. ಪಿ. ರಾವ್ ಎಂದು ಬಲ್ಲವರು, ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡದ ವರ್ಣಮಾಲೆಯನ್ನು ಕೂರಿಸಿದರು. ಕ ಇದ್ದಲ್ಲಿ ಶಿಫ್ಟ್ ಒತ್ತಿದರೆ ಖ, ಗ ಇದ್ದಲ್ಲಿ ಘ; ಒಮ್ಮೆ ಬೆರಳಿಗೆ ಹತ್ತಿದರೆ ಮತ್ತೆ ಯೋಚಿಸಬೇಕಾಗಿಲ್ಲ. ಮುಂದೆ ಕರ್ನಾಟಕ ಸರ್ಕಾರ ಅದನ್ನೇ ಅಧಿಕೃತ ವಿನ್ಯಾಸವಾಗಿ ಒಪ್ಪಿತು, ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬಂದದ್ದೂ ಅದೇ. ನಾನು ಹೊಸದಾಗಿ ಲಿನಕ್ಸ್ ಹಾಕಿದ ಪ್ರತಿ ಯಂತ್ರದಲ್ಲೂ ಅದು ಯಾರ ಅನುಮತಿಯನ್ನೂ ಕೇಳದೆ ಸಿದ್ಧವಾಗಿ ಸಿಗುತ್ತದೆ. ಆ ಕಾಲದ ಎಷ್ಟೋ ಕನ್ನಡ ಫಾಂಟುಗಳಲ್ಲಿ ಬರೆದ ಕಡತಗಳನ್ನು ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣಿಸುತ್ತದೆ. ಕೀಲಿಗಳ ಜಾಗ ಮಾತ್ರ ಬದಲಾಗಲಿಲ್ಲ.

ಗುಡುಗು ಬಂದ ರಾತ್ರಿ

ಮಳೆಗಾಲ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಸಂಜೆಯ ಹೊತ್ತು ಬರುವ ಗುಡುಗು ಮಳೆ ನಮಗೆ ಜೂನ್ ತಿಂಗಳ ಮಳೆಗಿಂತ ಹೆಚ್ಚು ಭಯ. ಮೊದಲ ಗುಡುಗಿಗೇ ಟೀವಿಯ ಪ್ಲಗ್ಗು, ಡಿಶ್ಶಿನ ತಂತಿ, ರೂಟರಿನ ಅಡಾಪ್ಟರು ಎಲ್ಲವನ್ನೂ ಕಿತ್ತಿಡುವುದು ಈ ಕಡೆ ಪ್ರತಿ ಮನೆಯ ರೂಢಿ. ಹಿಂದೆ ಸಿಡಿಲಿಗೆ ಎರಡು ಮೋಡೆಮ್ ಕಳೆದುಕೊಂಡ ಮನೆ ನಮ್ಮದು. ಹಾಗಾಗಿ ನಾನು ಬೆಂಗಳೂರಿಗೆ ಹೋದ ಮೂರನೆಯ ದಿನ ಗುಡುಗು ಕೇಳಿಸಿದಾಗ ಅಮ್ಮ ಮಾಡಿದ್ದು ಮಾಡಬೇಕಾದ ಕೆಲಸವನ್ನೇ. ಮರುದಿನ ಬೆಳಿಗ್ಗೆ ಎಲ್ಲವನ್ನೂ ಮತ್ತೆ ಸಿಕ್ಕಿಸಿದರು. ಟೀವಿ ಬಂತು, ರೂಟರ್ ಬಂತು. ಪ್ರಸಂಗಗಳು ಬರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯ ವೈಫೈ ಇದ್ದೂ ಇಲ್ಲದಂತಾಯಿತು. ವಾಟ್ಸಾಪಿನಲ್ಲಿ ಅಕ್ಕನ ಮಗುವಿನ ವಿಡಿಯೋ ಸಹ ತೆರೆಯಲಿಲ್ಲ.

ಎರಡನೆಯದಕ್ಕೆ ಕಾರಣ ನಾನೇ. ಜಾಹೀರಾತುಗಳನ್ನು ತಡೆಯುವ ಪೈ-ಹೋಲ್ ಎಂಬ ತಂತ್ರಾಂಶವನ್ನು ಪೆಟ್ಟಿಗೆಯಲ್ಲಿ ಹಾಕಿ, ಯಾವ ಜಾಲತಾಣದ ವಿಳಾಸ ಬೇಕಾದರೂ ಮೊದಲು ಇದನ್ನೇ ಕೇಳಬೇಕು ಎಂದು ರೂಟರಿಗೆ ಕಟ್ಟಪ್ಪಣೆ ಮಾಡಿದ್ದೆ. ಪೆಟ್ಟಿಗೆ ಮಲಗಿದ್ದರಿಂದ ವಿಳಾಸ ಹೇಳುವವರೇ ಇಲ್ಲದೆ ಇಡೀ ಮನೆಯ ಇಂಟರ್ನೆಟ್ ದಾರಿ ತಪ್ಪಿತು. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಗೆ ವಿವರಿಸುವುದು? “ಪೆಟ್ಟಿಗೆಯ ಎದುರಿನ ಗುಂಡಿ ಒಮ್ಮೆ ಒತ್ತಿ ನೋಡಮ್ಮ” ಎಂದೆ. “ಒತ್ತಿದೆ. ದೀಪ ಬಂತು.” “ಎರಡು ನಿಮಿಷ ಬಿಟ್ಟು ಟೀವಿಯಲ್ಲಿ ನೋಡು.” “ಎಂತದೂ ಇಲ್ಲ.” “ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡು, ಮತ್ತೆ ಒಮ್ಮೆ ಒತ್ತು.” ಸ್ಟೂಲಿನ ಮೇಲೆ ಹತ್ತಿ, ಒಂದು ಕೈಯಲ್ಲಿ ಫೋನು ಹಿಡಿದು, ಎಪ್ಪತ್ತು ದಾಟಿದ ಅವರು ಅದನ್ನು ನಾಲ್ಕು ಸಲ ಮಾಡಿದರು. ಐದನೆಯ ಸಲಕ್ಕೆ ಸ್ಟೂಲಿನಿಂದ ಇಳಿದು, ನಾನು ಮೊದಲು ಹೇಳಿದ ಆ ಪ್ರಶ್ನೆಯನ್ನು ಕೇಳಿದರು.

ಭಾನುವಾರ ಬಂದು ಮಾನಿಟರು, ಕೀಬೋರ್ಡು ಜೋಡಿಸಿ ನೋಡಿದಾಗ ಪರದೆಯ ಮೇಲೆ ಒಂದು ವಾಕ್ಯವಿತ್ತು: ದಿನಾಂಕ ಮತ್ತು ಸಮಯ ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ. ಮದರ್‌ಬೋರ್ಡಿನ ಮೇಲೆ ಗಡಿಯಾರವನ್ನೂ ಕೆಲವು ಆಯ್ಕೆಗಳನ್ನೂ ನೆನಪಿಟ್ಟುಕೊಳ್ಳಲು ನಾಣ್ಯದಂಥ ಸಿಆರ್2032 ಬ್ಯಾಟರಿಯೊಂದು ಇರುತ್ತದೆ. ಕಚೇರಿಯಲ್ಲಿ ಅಷ್ಟು ವರ್ಷ ದುಡಿದ ಈ ಯಂತ್ರದಲ್ಲಿ ಅದು ಯಾವಾಗಲೋ ಸತ್ತುಹೋಗಿತ್ತು. ಪೆಟ್ಟಿಗೆ ಇನ್ವರ್ಟರಿನ ಮೇಲಿದ್ದು ಪ್ಲಗ್ಗಿನಿಂದ ಸದಾ ಒಂದು ಗುಟುಕು ಕರೆಂಟು ಸಿಗುತ್ತಿದ್ದುದರಿಂದ ನನಗೆ ಗೊತ್ತಾಗಿರಲಿಲ್ಲ. ಅಮ್ಮ ಪ್ಲಗ್ಗು ಕಿತ್ತ ಕ್ಷಣಕ್ಕೆ ಅದು ಎಲ್ಲವನ್ನೂ ಮರೆಯಿತು. ಕರೆಂಟು ಬಂದ ಕೂಡಲೇ ತಾನಾಗಿಯೇ ಏಳಬೇಕು ಎಂದು ನಾನು ಮಾಡಿಟ್ಟ ವ್ಯವಸ್ಥೆಯೂ ಆ ಮರೆವಿನಲ್ಲಿ ಹೋಯಿತು. ಗುಂಡಿ ಒತ್ತಿ ಎಬ್ಬಿಸಿದರೆ, ಇಲ್ಲದ ಪರದೆಯ ಮೇಲೆ ವಾಕ್ಯ ಬರೆದು, ಇಲ್ಲದ ಕೀಬೋರ್ಡಿನ ಕೀಲಿಗಾಗಿ ಕಾಯುತ್ತ ನಿಂತಿತ್ತು. ಗಡಿಯಾರದ ಅಂಗಡಿಯಿಂದ ನಲವತ್ತು ರೂಪಾಯಿಯ ಬ್ಯಾಟರಿ ತಂದು ಹಾಕಿದೆ. ಕೆಲಸ ಹತ್ತು ನಿಮಿಷದ್ದು. (ಪೈಯ ಪರವಾಗಿ ಒಂದು ಮಾತು: ನನ್ನ ಹಳೆಯ ಪೈಗೆ ಇಂಥ ಗಡಿಯಾರವೇ ಇರಲಿಲ್ಲ. ಪ್ರತಿ ಸಲ ಎದ್ದಾಗಲೂ ಹೊತ್ತೆಷ್ಟು ಎಂದು ಇಂಟರ್ನೆಟ್ಟನ್ನು ಕೇಳಿ ತಿಳಿದುಕೊಳ್ಳುತ್ತಿತ್ತು, ಮರೆತೆನೆಂದು ಮುನಿಸಿಕೊಂಡು ನಿಲ್ಲುತ್ತಿರಲಿಲ್ಲ.)

ಬ್ಯಾಟರಿಯ ಸಂಗತಿ ನನಗೆ ಅಷ್ಟು ಬೇಸರ ತರಲಿಲ್ಲ. ಬೇಸರ ತಂದದ್ದು ಬೇರೆ. ಯಾವನೊಬ್ಬನ ಮೇಲೂ ಅವಲಂಬಿಸಬಾರದೆಂದು ಜಗತ್ತಿನ ಎಷ್ಟೋ ಮಂದಿ ಸೇರಿ ಕಟ್ಟಿದ ತಂತ್ರಾಂಶಗಳನ್ನು ತಂದು, ಅವನ್ನೆಲ್ಲ ನಾನು ನನ್ನೊಬ್ಬನ ತಲೆಯ ಮೇಲೆ ನಿಲ್ಲಿಸಿದ್ದೆ. ಜೆಲ್ಲಿಫಿನ್‌ನ ಒಳಗು ಹೇಗಿದೆ ಎಂದು ಯಾರು ಬೇಕಾದರೂ ನೋಡಬಹುದು. ಆದರೆ ಕಪಾಟಿನ ಮೇಲಿನ ಪೆಟ್ಟಿಗೆಯ ಗುಟ್ಟು, ಅದರ ಪಾಸ್‌ವರ್ಡು, ಯಾವ ಫೋಲ್ಡರಿನಲ್ಲಿ ಏನಿದೆ ಎಂಬುದು ನನ್ನ ಹೊರತು ಒಬ್ಬರಿಗೂ ತಿಳಿಯದು. ಹಳೆಯ ವೈದ್ಯರು ಮದ್ದಿನ ಬೇರಿನ ಹೆಸರನ್ನು ಮಗನಿಗೂ ಹೇಳದೆ ಹೋಗುತ್ತಿದ್ದರೆಂದು ಬೈಯುತ್ತೇವಲ್ಲ, ಅದನ್ನೇ ನಾನು ಡೆಬಿಯನ್‌ನಲ್ಲಿ ಮಾಡುತ್ತಿದ್ದೆ.

ಕಪಾಟಿನ ಬಾಗಿಲಿಗೆ ಅಂಟಿಸಿದ ಹಾಳೆ

ಮುಂದಿನ ಎರಡು ವಾರ ಸಂಜೆಗಳಲ್ಲಿ ಪೆಟ್ಟಿಗೆಯಿಂದ ಒಂದೊಂದನ್ನಾಗಿ ತೆಗೆಯುತ್ತ ಹೋದೆ. ಮೊದಲು ಹೋದದ್ದು ಪೈ-ಹೋಲ್. ಜಾಹೀರಾತು ಕಂಡರೂ ಚಿಂತೆಯಿಲ್ಲ, ಮನೆಯ ಇಂಟರ್ನೆಟ್ ಈಗ ಪೆಟ್ಟಿಗೆಯ ಹಂಗಿನಲ್ಲಿಲ್ಲ. ಕಡತಗಳನ್ನು ಇಟ್ಟು ಹಂಚಿಕೊಳ್ಳುವ ನೆಕ್ಸ್ಟ್‌ಕ್ಲೌಡ್ ಹೋಯಿತು, ಅದನ್ನು ಬಳಸುತ್ತಿದ್ದದ್ದು ನಾನೊಬ್ಬನೇ, ಅದೂ ಅದನ್ನು ಅಪ್‌ಡೇಟ್ ಮಾಡಲು ಮಾತ್ರ. ಗ್ರಾಫುಗಳನ್ನು ಬಿಡಿಸಿ ತೋರಿಸುವ ಒಂದೆರಡು ಹೋದವು. ಹನ್ನೊಂದು ತಂತ್ರಾಂಶ ಇದ್ದದ್ದು ಮೂರಕ್ಕೆ ಇಳಿಯಿತು: ಪ್ರಸಂಗಗಳಿಗೆ ಜೆಲ್ಲಿಫಿನ್, ಫೋಟೋಗಳಿಗೆ ಸಿಂಕ್‌ಥಿಂಗ್, ರಾತ್ರಿ ಹೊರಗಿನ ಡಿಸ್ಕಿಗೆ ಪ್ರತಿ ತೆಗೆಯುವ ಒಂದು ಸಣ್ಣ ಸ್ಕ್ರಿಪ್ಟ್. ಕ್ಯಾಸೆಟ್ಟುಗಳ ಮುಟ್ಟದ ಪ್ರತಿಗಳು ಮುಂಬಯಿಯಲ್ಲಿ ಅಕ್ಕನ ಲ್ಯಾಪ್‌ಟಾಪಿನಲ್ಲೂ ಇವೆ. ಪಾಸ್‌ವರ್ಡುಗಳನ್ನು ಕಾಗದದಲ್ಲಿ ಬರೆದು, ಲಕೋಟೆಯೊಳಗಿಟ್ಟು, ಗೋದ್ರೇಜಿನಲ್ಲಿ ಜಾಗದ ಪತ್ರಗಳ ಜೊತೆ ಇಟ್ಟೆ. ತಿಳಿದವರು ಇದನ್ನು ನೋಡಿದರೆ ನಗಬಹುದು. ಆದರೆ ನಮ್ಮ ಮನೆಯಲ್ಲಿ ನಾನು ಇಲ್ಲದಾಗ ಯಾರಾದರೂ ಹುಡುಕುವ ಜಾಗ ಅದೊಂದೇ. ಪಕ್ಕದ ಮನೆಯ, ಮಣಿಪಾಲದಲ್ಲಿ ಓದುವ ಹುಡುಗಿಗೆ ಒಂದು ಮಧ್ಯಾಹ್ನ ಎಲ್ಲವನ್ನೂ ತೋರಿಸಿಕೊಟ್ಟೆ. ಅವಳು ನನ್ನ ಸ್ಕ್ರಿಪ್ಟಿನಲ್ಲಿ ಒಂದು ತಪ್ಪನ್ನು ಹಿಡಿದಳು: ಹೊರಗಿನ ಡಿಸ್ಕು ಸಿಕ್ಕಿಸದೇ ಇದ್ದರೂ ಅದು ‘ಮುಗಿಯಿತು’ ಎಂದೇ ಬರೆದುಕೊಳ್ಳುತ್ತಿತ್ತು.

ಕೊನೆಗೆ ಒಂದು ಹಾಳೆ ಬರೆದೆ. ಅಮ್ಮನಿಗೆ ಓದಲು ಅನುಕೂಲವಾಗಲೆಂದು ದೊಡ್ಡ ಅಕ್ಷರಗಳಲ್ಲಿ, ಕೈಬರಹದಲ್ಲಿ. ಗುಡುಗು ಬಂದರೆ ಯಾವ ಪ್ಲಗ್ಗನ್ನು ಮೊದಲು ತೆಗೆಯುವುದು, ಮತ್ತೆ ಹಾಕುವಾಗ ರೂಟರ್ ಮೊದಲು ಹಾಕಿ ಐದು ನಿಮಿಷ ಬಿಟ್ಟು ಪೆಟ್ಟಿಗೆಯದನ್ನು ಹಾಕುವುದು, ಪೆಟ್ಟಿಗೆಯ ಹಸಿರು ದೀಪ ಬಂದು ನಿಂತಿದೆಯೇ ನೋಡುವುದು, ಬರದಿದ್ದರೆ ಗುಂಡಿ ಒಮ್ಮೆ ಒತ್ತುವುದು, ಆಗಲೂ ಬರದಿದ್ದರೆ ಪಕ್ಕದ ಮನೆಯ ಹುಡುಗಿಯನ್ನು ಕರೆಯುವುದು. ತಂತಿಗಳಿಗೆ ಬಣ್ಣದ ನೂಲು ಕಟ್ಟಿ ಗುರುತು ಮಾಡಿದೆ. ಹಾಳೆಯನ್ನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ, ಮತ್ತೆ ನನ್ನ ಕೆಲಸಗಳಲ್ಲಿ ಮರೆತುಬಿಟ್ಟೆ.

ಹೋದ ತಿಂಗಳು ನಾಲ್ಕು ದಿನ ಹುಬ್ಬಳ್ಳಿಗೆ ಹೋಗಿ ಬಂದೆ. ಫೋನು ಬರಲಿಲ್ಲ. ಮರಳಿದ ಸಂಜೆ ಟೀವಿಯಲ್ಲಿ ವಾಲಿ ಮಾತಾಡುತ್ತಿದ್ದ, ಹಿಂದೆ ಮಳೆ ಹೊಯ್ಯುತ್ತಿತ್ತು. ನಡುವೆ ಏನಾದರೂ ತೊಂದರೆಯಾಯಿತೇ ಎಂದು ಕೇಳಿದ್ದಕ್ಕೆ ಅಮ್ಮ, “ಮೊನ್ನೆ ಒಮ್ಮೆ ಹೋಯಿತು, ಹಾಕಿದೆ” ಎಂದಷ್ಟೇ ಹೇಳಿ ಹೂ ಕಟ್ಟುವುದನ್ನು ಮುಂದುವರಿಸಿದರು. ಕಪಾಟಿನ ಬಾಗಿಲು ತೆರೆದು ನೋಡಿದೆ. ನನ್ನ ಹಾಳೆಯ ಎಲ್ಲಕ್ಕಿಂತ ಮೇಲೆ, ಇದ್ದ ಸ್ವಲ್ಪ ಜಾಗದಲ್ಲಿ, ಪೆನ್ಸಿಲಿನಲ್ಲಿ, ‘ಮೊದಲು ಇನ್ವರ್ಟರ್ ಆನ್ ಉಂಟಾ ನೋಡುವುದು’ ಎಂದು ಸೇರಿಸಿದ್ದರು. ಕೆಳಗೆ ‘ಹಸಿರು ದೀಪ’ ಎಂಬಲ್ಲಿ ಹಸಿರನ್ನು ಹೊಡೆದುಹಾಕಿ ‘ಬಿಳಿ’ ಎಂದು ತಿದ್ದಿದ್ದರು. ಸ್ಟೂಲು ಎಳೆದು, ಹತ್ತಿ ನೋಡಿದೆ. ಹಸಿರು ಇದ್ದದ್ದು ರೂಟರಿನದು. ಪೆಟ್ಟಿಗೆಯದು ಬಿಳಿಯೇ.